ಓದುಗರ ಪ್ರಶ್ನೆ, ಡಾಕ್ಟರ ಉತ್ತರ: ನೋವು ನಿಂತ ಮೇಲಿನ ಆ ಒಂದು ವಾರ

ಹೃದಯಾಘಾತದ ಬಗ್ಗೆ ಹೋದ ಸಲ ಬರೆದ ಮೇಲೆ ಬಂದ ಪತ್ರಗಳಲ್ಲಿ ನಾಲ್ಕೈದು ಪತ್ರಗಳ ಕತೆ ಹೆಚ್ಚುಕಮ್ಮಿ ಒಂದೇ. ಅಟ್ಯಾಕ್ ಆಯಿತು, ನೋವು ಹೋಯಿತು, ಎದ್ದು ಕೂತು ಇಡ್ಲಿ ತಿಂದರು, ಮೊಮ್ಮಕ್ಕಳ ಹತ್ತಿರ ಫೋನಲ್ಲಿ ಮಾತಾಡಿದರು. ಆಮೇಲೆ ಎರಡನೇ ದಿನವೋ ಐದನೇ ದಿನವೋ ಇದ್ದಕ್ಕಿದ್ದ ಹಾಗೆ ಎಲ್ಲ ಕೈಮೀರಿತು. ರಕ್ತನಾಳದ ಬ್ಲಾಕ್ ಅಂದರೆ ಈಗ ಎಲ್ಲರಿಗೂ ಗೊತ್ತು. ಬ್ಲಾಕ್ ಆದ ಮೇಲೆ ಹಾರ್ಟಿನ ಗೋಡೆಯೇ ಹರಿಯಬಹುದು, ವಾಲ್ವ್ ಕಿತ್ತು ಬರಬಹುದು ಅನ್ನೋದು ಗೊತ್ತಿರುವವರು ಕಡಿಮೆ. ಈ ಸಲ ಪೂರ್ತಿ ಜಾಗ ಆ ಪತ್ರಗಳಿಗೇ ಕೊಡುತ್ತಿದ್ದೇನೆ.

ಪ್ರಶ್ನೆ: ಡಾಕ್ಟರೇ, ನಮ್ಮ ತಂದೆಗೆ 68 ವರ್ಷ. ಎದೆ ಉರಿ ಅಂತ ಎರಡು ದಿನ ಹೇಳಿದರು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ, ಸೋಡಾ ಕೊಟ್ಟೆವು. ಮೂರನೇ ದಿನ ಇಸಿಜಿ ಮಾಡಿಸಿದರೆ ದೊಡ್ಡ ಅಟ್ಯಾಕ್ ಆಗಿಹೋಗಿದೆ ಅಂದರು. ಆಂಜಿಯೋಗ್ರಾಂ ಆದ ಮಾರನೇ ದಿನ ಉಸಿರಾಡೋಕೆ ಆಗದೆ ಒದ್ದಾಡಿದರು, ಬಿಪಿ ಬಿದ್ದುಹೋಯಿತು. ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿ ಹಾರ್ಟಲ್ಲಿ ತೂತು ಬಿದ್ದಿದೆ ಅಂದರು. ತೂತು ಅನ್ನೋದು ಹುಟ್ಟುವಾಗಲೇ ಬರೋದಲ್ವಾ? ಆಂಜಿಯೋಗ್ರಾಂ ವೈರ್ ಚುಚ್ಚಿ ಹೀಗಾಯಿತಾ? ಆಪರೇಷನ್ ಬೇಕೇ ಬೇಕು ಅಂದವರು ದಿನಗಟ್ಟಲೆ ಐಸಿಯುನಲ್ಲಿ ಕಾಯಿಸಿದರು. ಹತ್ತನೇ ದಿನ ಆಪರೇಷನ್ ಆಯಿತು. ದೇವರ ದಯೆ, ಈಗ ಮನೆಯಲ್ಲಿದ್ದಾರೆ. ಆದರೆ ನಮ್ಮಣ್ಣ ಇವತ್ತಿಗೂ ಬಿಲ್ ಏರಿಸೋಕೆ ಕಾಯಿಸಿದರು ಅಂತಾನೆ.

ಉತ್ತರ: ಮೊದಲು ತಂದೆಯವರು ಮನೆಗೆ ಬಂದಿದ್ದಾರೆ ಅಂತ ಓದಿ ತುಂಬಾ ಸಮಾಧಾನ ಆಯಿತು. ಅವರು ದಾಟಿ ಬಂದದ್ದು ಸಣ್ಣ ವಿಷಯ ಅಲ್ಲ.

ತೂತು ಹುಟ್ಟಿನಿಂದಲೂ ಬರಬಹುದು, ಅಟ್ಯಾಕ್‌ನಿಂದಲೂ ಬರಬಹುದು. ಎರಡಕ್ಕೂ ಸಂಬಂಧ ಇಲ್ಲ. ಹಾರ್ಟಿನ ಎಡ ಕೋಣೆಗೂ ಬಲ ಕೋಣೆಗೂ ಮಧ್ಯೆ ಒಂದು ನಡುಗೋಡೆ ಇದೆ, ಅದೂ ಮಾಂಸವೇ. ಅದಕ್ಕೂ ರಕ್ತ ಬೇಕು. ಆ ರಕ್ತ ತರುವ ನಾಳ ಮುಚ್ಚಿಕೊಂಡರೆ ಅರ್ಧ ಗಂಟೆಯೊಳಗೆ ಮಾಂಸ ಸಾಯೋಕೆ ಶುರುವಾಗುತ್ತದೆ. ಗಂಟೆಗಳು ಕಳೆದ ಹಾಗೆಲ್ಲ ಸತ್ತ ಭಾಗ ದೊಡ್ಡದಾಗುತ್ತಾ ಹೋಗುತ್ತದೆ. ಸತ್ತ ಮಾಂಸವನ್ನು ದೇಹ ಹಾಗೇ ಬಿಡುವುದಿಲ್ಲ. ರಕ್ತದ ಬಿಳಿ ಕಣಗಳು ಬಂದು ಅದನ್ನು ಕರಗಿಸಿ ತೆಗೆಯುತ್ತವೆ, ಆಮೇಲೆ ಆ ಜಾಗದಲ್ಲಿ ಗಟ್ಟಿ ಕಲೆ ಕಟ್ಟುತ್ತದೆ. ಕಲೆ ಪೂರ್ತಿ ಗಟ್ಟಿಯಾಗೋಕೆ ಆರರಿಂದ ಎಂಟು ವಾರ ಬೇಕು. ಹಳೆಯದನ್ನು ಕೆಡವಿ ಆಗಿದೆ, ಹೊಸದು ಇನ್ನೂ ಎದ್ದಿಲ್ಲ ಅನ್ನುವ ಒಂದು ಅವಧಿ ಮಧ್ಯದಲ್ಲಿ ಬರುತ್ತದಲ್ಲ, ಅದೇ ಅಪಾಯದ ಸಮಯ. ಆ ಜಾಗ ಮೆತ್ತಗಾಗಿರುತ್ತದೆ. ಆದರೆ ಹಾರ್ಟ್ ಒಂದು ನಿಮಿಷವೂ ರಜೆ ತಗೊಳ್ಳೋ ಹಾಗಿಲ್ಲ. ಎಡ ಕೋಣೆಯಲ್ಲಿ ಒತ್ತಡ 120ರ ಹತ್ತಿರ, ಬಲಗಡೆ 25ರ ಹತ್ತಿರ. ಇಷ್ಟು ವ್ಯತ್ಯಾಸ ಇರುವ ಎರಡು ಕೋಣೆಗಳ ನಡುವಿನ ಗೋಡೆ ಮೆತ್ತಗಾದರೆ ಎಲ್ಲೋ ಒಂದು ಕಡೆ ಹರಿಯುತ್ತದೆ. ಹೆಚ್ಚಿನವರಲ್ಲಿ ಇದು ಮೊದಲ 24 ಗಂಟೆಯಲ್ಲಿ, ಇಲ್ಲವೇ ಮೂರರಿಂದ ಐದನೇ ದಿನದ ಹೊತ್ತಿಗೆ ಆಗುತ್ತದೆ. ನಿಮ್ಮ ತಂದೆಯವರಿಗೆ ಆದದ್ದೂ ಸರಿಯಾಗಿ ಆ ಲೆಕ್ಕಕ್ಕೇ ಬರುತ್ತದೆ ನೋಡಿ.

ಆಂಜಿಯೋಗ್ರಾಂ ವಿಷಯ. ಅದರ ನಳಿಕೆ ಕೈಯಿಂದಲೋ ತೊಡೆಯಿಂದಲೋ ಹೊರಟು ಮಹಾಪಧಮನಿಯ ಬುಡಕ್ಕೆ, ಅಲ್ಲಿಂದ ಹಾರ್ಟಿಗೆ ರಕ್ತ ಕೊಡುವ ನಾಳದ ಬಾಯಿಗೆ ಬರುತ್ತದೆ. ನಡುಗೋಡೆ ಅದರ ದಾರಿಯಲ್ಲಿ ಇಲ್ಲ. ಒಂದಾದ ಮೇಲೆ ಒಂದು ಆಯಿತು ಅಂದ ಮಾತ್ರಕ್ಕೆ ಮೊದಲಿನದೇ ಕಾರಣ ಅನ್ನಿಸುವುದು ಸಹಜ. ಆದರೆ ಇಲ್ಲಿ ಕಾರಣ ಕಳೆದುಹೋದ ಆ ಎರಡು ದಿನ. ಇದನ್ನು ನಿಮ್ಮ ಮನಸ್ಸು ನೋಯಿಸೋಕೆ ಬರೆಯುತ್ತಿಲ್ಲ. ಎದೆ ಉರಿ ಅಂದರೆ ಗ್ಯಾಸ್ ಅಂತಲೇ ನಮ್ಮೆಲ್ಲರ ಮನೆಯಲ್ಲೂ ಅಂದುಕೊಳ್ಳೋದು. ಬೇಗ ನಾಳ ತೆರೆದಷ್ಟೂ ಸಾಯುವ ಮಾಂಸ ಕಡಿಮೆ, ಹರಿಯುವ ಭಯವೂ ಕಡಿಮೆ. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್, ಸ್ಟೆಂಟ್ ಬರುವ ಮೊದಲು ಅಟ್ಯಾಕ್ ಆದ 100 ಜನರಲ್ಲಿ ಒಬ್ಬರಿಂದ ಮೂವರಿಗೆ ಈ ತೂತು ಬೀಳುತ್ತಿತ್ತು. 1990ರ ದಶಕದಲ್ಲಿ ಗಸ್ಟೊ ಅನ್ನುವ ದೊಡ್ಡ ಅಧ್ಯಯನದಲ್ಲಿ ಇಂಜೆಕ್ಷನ್ ಪಡೆದ 41,000 ರೋಗಿಗಳನ್ನು ನೋಡಿದಾಗ ತೂತು ಕಂಡದ್ದು 84 ಜನರಲ್ಲಿ. ಅಂದರೆ 500 ಜನರಲ್ಲಿ ಒಬ್ಬರು.

ಈಗ ನಿಮ್ಮಣ್ಣನ ಪ್ರಶ್ನೆ. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು, ಯಾಕಂದರೆ ಕಾಯೋದು ಅಂದರೆ ಏನು ಅಂತ ಯಾರೂ ಮನೆಯವರಿಗೆ ಕೂರಿಸಿ ಹೇಳುವುದಿಲ್ಲ, ಅದು ನಮ್ಮ ಕಡೆಯ ತಪ್ಪು.

ತೂತು ಮುಚ್ಚೋದು ಅಂದರೆ ಅದರ ಮೇಲೆ ಒಂದು ತೇಪೆ ಇಟ್ಟು ಸುತ್ತಲಿನ ಮಾಂಸಕ್ಕೆ ಹೊಲಿಯುವುದು. ಮೊದಲ ವಾರ ಸುತ್ತಲಿನ ಮಾಂಸ ಹೇಗಿರುತ್ತದೆ ಗೊತ್ತಾ? ನೀರಲ್ಲಿ ನೆನೆದ ಹಪ್ಪಳದ ಹಾಗೆ. ಸೂಜಿ ಹೋಗುತ್ತದೆ, ದಾರ ಎಳೆದರೆ ಮಾಂಸವೇ ಕಿತ್ತು ಬರುತ್ತದೆ. ಯಾವುದು ಸತ್ತ ಭಾಗ, ಯಾವುದು ಬದುಕಿರುವ ಭಾಗ ಅಂತ ಗೆರೆಯೂ ಸರಿಯಾಗಿ ಕಾಣುವುದಿಲ್ಲ. ದಿನ ಕಳೆದ ಹಾಗೆ ಅಂಚು ಗಟ್ಟಿಯಾಗುತ್ತದೆ, ಹೊಲಿಗೆ ನಿಲ್ಲುತ್ತದೆ. ಅಮೆರಿಕದ ಎದೆ ಶಸ್ತ್ರಚಿಕಿತ್ಸಕರ ಸಂಘದ ದಾಖಲೆಯಲ್ಲಿ ಇಂಥ 2,876 ಆಪರೇಷನ್‌ಗಳ ಲೆಕ್ಕ 2012ರಲ್ಲಿ ಪ್ರಕಟವಾಯಿತು. ಅಟ್ಯಾಕ್ ಆದ ಏಳು ದಿನದೊಳಗೆ ಆಪರೇಷನ್ ಆದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ, ಅಂದರೆ ನೂರಕ್ಕೆ 54 ಮಂದಿ ತೀರಿಹೋದರು. ಏಳು ದಿನ ದಾಟಿದ ಮೇಲೆ ಆದವರಲ್ಲಿ ಆ ಸಂಖ್ಯೆ 18. ಈ ವ್ಯತ್ಯಾಸವನ್ನು ಹುಷಾರಾಗಿ ಓದಬೇಕು. ತುಂಬಾ ಕೆಟ್ಟ ಸ್ಥಿತಿಯಲ್ಲಿ ಇರುವವರನ್ನು ಕಾಯಿಸಲು ಆಗುವುದೇ ಇಲ್ಲ, ಅವರನ್ನು ಮೊದಲ ದಿನಗಳಲ್ಲೇ ಟೇಬಲ್ ಮೇಲೆ ಮಲಗಿಸಬೇಕಾಗುತ್ತದೆ. ಕಾದು ಉಳಿದವರು ಸ್ವಲ್ಪ ಗಟ್ಟಿ ಇದ್ದವರೇ. ಹಾಗಾಗಿ ಎಲ್ಲ ಕಾಯುವಿಕೆಯ ಮಹಿಮೆ ಅನ್ನಲಾಗದು. ಆದರೂ ರೋಗಿ ತಡೆದುಕೊಳ್ಳುವ ಹಾಗಿದ್ದರೆ ಕಾಯುವುದು ಒಳ್ಳೆಯದು ಅನ್ನೋದು ಈ ಕೆಲಸ ಮಾಡುವ ಹೆಚ್ಚಿನವರ ಅಭಿಪ್ರಾಯ, ನನ್ನದೂ ಅದೇ.

ಕಾಯೋದು ಅಂದರೆ ಸುಮ್ನೆ ಕೂರೋದಲ್ಲ. ತೊಡೆಯ ಮೂಲಕ ಮಹಾಪಧಮನಿಗೆ ಒಂದು ಉದ್ದನೆಯ ಬಲೂನ್ ಹಾಕಿರುತ್ತಾರೆ. ಹಾರ್ಟ್ ಹಿಗ್ಗುವಾಗ ಅದು ಉಬ್ಬುತ್ತದೆ, ಹಾರ್ಟ್ ಕುಗ್ಗುವ ಕ್ಷಣಕ್ಕೆ ಸರಿಯಾಗಿ ಇಳಿಯುತ್ತದೆ. ಮುಂದಿನ ದಾರಿ ಸಲೀಸಾದರೆ ರಕ್ತ ತೂತಿನ ಕಡೆ ನುಗ್ಗುವುದು ಕಡಿಮೆಯಾಗುತ್ತದೆ. ನಿಮ್ಮ ತಂದೆಯವರಿಗೂ ಹಾಕಿರಬಹುದು, ಡಿಸ್ಚಾರ್ಜ್ ಸಮ್ಮರಿಯಲ್ಲಿ ಐಎಬಿಪಿ ಅಂತ ಇದೆಯಾ ನೋಡಿ. ಕಿಡ್ನಿ, ಶ್ವಾಸಕೋಶ, ಬಿಪಿ ಎಲ್ಲವನ್ನೂ ಗಂಟೆಗಂಟೆಗೂ ನೋಡುತ್ತಾ ಇರಬೇಕು. ಯಾವುದಾದರೂ ಕುಸಿಯುತ್ತಿದೆ ಅನ್ನಿಸಿದರೆ ರಾತ್ರಿ ಎರಡು ಗಂಟೆಯಾದರೂ ಆಪರೇಷನ್‌ಗೆ ಹೋಗಬೇಕು. ಆಪರೇಷನ್ ಇಲ್ಲದೆ ಬಿಟ್ಟವರ ಗತಿ ಏನು ಅಂತ ಅದೇ ಗಸ್ಟೊ ಲೆಕ್ಕ ಹೇಳುತ್ತದೆ, ನೂರಕ್ಕೆ 94 ಮಂದಿ ತಿಂಗಳೊಳಗೆ ಹೋದರು. ಇಂಥ ತೂತನ್ನು ಮೊದಲ ಸಲ 1956ರಲ್ಲಿ ಅಮೆರಿಕದ ಡೆಂಟನ್ ಕೂಲಿ ಹೊಲಿದು ಮುಚ್ಚಿದರು. ಅಲ್ಲಿಯವರೆಗೆ ಇದಕ್ಕೆ ಚಿಕಿತ್ಸೆಯೇ ಇರಲಿಲ್ಲ. ಈಗ ಕೆಲವರಿಗೆ ಎದೆ ತೆರೆಯದೆ, ನಳಿಕೆಯ ಮೂಲಕ ಛತ್ರಿಯಂಥ ಸಾಧನ ಕೂರಿಸಿ ಮುಚ್ಚುವುದೂ ಇದೆ, ತೂತಿನ ಜಾಗ ಮತ್ತು ಅಳತೆ ಹೊಂದಿಕೊಂಡರೆ ಮಾತ್ರ.

ನಾನು ಕಲಿಯುತ್ತಿದ್ದಾಗ ಇಂಥದೇ ಒಬ್ಬ ಅಜ್ಜನನ್ನು ನೋಡಿದ್ದೆ. ಹಿಂದಿನ ಸಂಜೆ ಎದೆಯ ಶಬ್ದ ಸರಿಯಾಗಿತ್ತು. ಬೆಳಿಗ್ಗೆ ರೌಂಡ್ಸ್‌ನಲ್ಲಿ ನಮ್ಮ ಮೇಷ್ಟ್ರು ಸ್ಟೆತಸ್ಕೋಪ್ ಇಡುವ ಮೊದಲು ಅಂಗೈ ಇಟ್ಟರು, ಎದೆಮೂಳೆಯ ಎಡಗಡೆ, ಕೆಳಗೆ. ಆಮೇಲೆ ನನ್ನ ಕೈ ಹಿಡಿದು ಅಲ್ಲೇ ಇರಿಸಿದರು. ಮಡಿಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟುವಾಗ ಕೈಗೆ ಸಿಗುತ್ತದಲ್ಲ, ಅದೇ ನಡುಕ. ಎಕೋ ಮೆಷಿನ್ ಬರುವ ಮೊದಲೇ ಗೊತ್ತಾಗಿತ್ತು. ಆವತ್ತಿನಿಂದ ಅಟ್ಯಾಕ್ ಆದ ಪ್ರತಿಯೊಬ್ಬರ ಎದೆಗೂ ದಿನಾ ಬೆಳಿಗ್ಗೆ ಸಂಜೆ ಕೈ ಇಟ್ಟು, ಕಿವಿ ಕೊಟ್ಟು ನೋಡುವುದನ್ನು ನಾನು ಬಿಟ್ಟಿಲ್ಲ.

ಪ್ರಶ್ನೆ: ನಮ್ಮ ಮಾವನಿಗೆ ಮೊನ್ನೆ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ನೋವಿಲ್ಲ. ನನಗೇನೂ ಆಗಿಲ್ಲ, ನಾಳೆನೇ ಮನೆಗೆ ಹೋಗೋಣ, ತೋಟದಲ್ಲಿ ಕೆಲಸ ಇದೆ ಅಂತ ಹಟ ಮಾಡುತ್ತಿದ್ದಾರೆ. ಬಾತ್‌ರೂಮಿಗೂ ಯಾರನ್ನೂ ಕೇಳದೆ ಎದ್ದು ಹೋಗುತ್ತಾರೆ. ಏನು ಮಾಡೋದು?

ಉತ್ತರ: ಇವರ ಮೇಲ್ ಬಂದ ದಿನವೇ ಉತ್ತರ ಬರೆದೆ. ಬೇರೆಯವರಿಗೂ ಬೇಕಾಗುತ್ತದೆ ಅಂತ ಇಲ್ಲೂ ಹಾಕುತ್ತಿದ್ದೇನೆ.

ಸಮಯಕ್ಕೆ ಸರಿಯಾಗಿ ಸ್ಟೆಂಟ್ ಆಗಿ, ಎಕೋ ಚೆನ್ನಾಗಿದ್ದರೆ ಮೂರು ದಿನದ ಹೊತ್ತಿಗೆ ಮನೆಗೆ ಕಳಿಸುವುದುಂಟು. ಆ ತೀರ್ಮಾನ ಅಲ್ಲಿರುವ ಡಾಕ್ಟರದು, ಮಾವನವರದಲ್ಲ. ನೋವು ಹೋಗಿದೆ ಅಂದರೆ ನಾಳ ತೆರೆದಿದೆ ಅಂತ ಇರಬಹುದು, ಅಥವಾ ನೋಯುವ ಮಾಂಸ ಸತ್ತುಹೋಗಿದೆ ಅಂತಲೂ ಇರಬಹುದು. ಇದನ್ನು ಅವರಿಗೆ ಇದೇ ಮಾತಲ್ಲಿ ಹೇಳಿ. ಮುಕ್ಕಿರಿಯುವುದು ಬೇಡ, ಮಲಬದ್ಧತೆ ಇದ್ದರೆ ನರ್ಸಿಗೆ ಹೇಳಿ, ಔಷಧ ಕೊಡುತ್ತಾರೆ. ಬಾತ್‌ರೂಮಿಗೆ ಹೋಗುವಾಗ ಜೊತೆಗೆ ಒಬ್ಬರು ಇರಲಿ, ಬಾಗಿಲಿಗೆ ಚಿಲಕ ಬೇಡ. ಮೈಕೈ ನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ. ಮನೆಗೆ ಬಂದ ಮೇಲೆ ಹೊಸದಾಗಿ ಉಸಿರು ಕಟ್ಟಿದರೆ, ಮಲಗೋಕೆ ಆಗದೆ ಎದ್ದು ಕೂತರೆ, ತಣ್ಣನೆ ಬೆವರು ಬಂದರೆ, ತಲೆ ಸುತ್ತಿ ಬಿದ್ದರೆ, ಮೂತ್ರ ತೀರಾ ಕಡಿಮೆಯಾದರೆ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ. ತೋಟ ಎಲ್ಲೂ ಓಡಿ ಹೋಗುವುದಿಲ್ಲ.

ಪ್ರಶ್ನೆ: ಸರ್, ನನ್ನ ತಾಯಿಗೆ ಅಟ್ಯಾಕ್ ಆದ ಎರಡನೇ ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಿ ಬಾಯಲ್ಲಿ ಕೆಂಪು ನೊರೆ ಬಂತು. ವಾಲ್ವ್ ಹಿಡಿದಿರೋ ಸ್ನಾಯು ಹರಿದಿದೆ ಅಂತ ಬೆಳಗಾಗುವ ಮೊದಲೇ ಆಪರೇಷನ್ ಮಾಡಿ ವಾಲ್ವ್ ಬದಲಾಯಿಸಿದರು. ಅವರಿಗೆ ವಾಲ್ವ್ ಕಾಯಿಲೆ ಮೊದಲು ಇರಲೇ ಇಲ್ಲ. ಇಷ್ಟು ಅವಸರ ಬೇಕಿತ್ತಾ? ಮುಂದೆ ಹೇಗೆ?

ಉತ್ತರ: ಮದುವೆ ಮನೆಯ ಪೆಂಡಾಲ್ ನೆನಪು ಮಾಡಿಕೊಳ್ಳಿ. ಬಟ್ಟೆ ಇದೆ, ಬಟ್ಟೆಗೆ ಹಗ್ಗ, ಹಗ್ಗ ಕಟ್ಟಿರುವ ಗೂಟ. ಹಾರ್ಟಿನ ಎಡಗಡೆಯ ಬಾಗಿಲಾದ ಮೈಟ್ರಲ್ ವಾಲ್ವ್ ಕೂಡ ಹಾಗೇ. ತೆಳುವಾದ ಎರಡು ರೆಕ್ಕೆ, ಅದಕ್ಕೆ ದಾರದಂಥ ಎಳೆಗಳು, ಆ ಎಳೆಗಳನ್ನು ಹಿಡಿದಿರುವ ಎರಡು ಸ್ನಾಯು ಗೂಟಗಳು. ನಿಮ್ಮ ತಾಯಿಯವರ ಬಟ್ಟೆಯೂ ಸರಿ ಇತ್ತು, ಹಗ್ಗವೂ ಸರಿ ಇತ್ತು. ಗೂಟವೇ ಕಿತ್ತು ಬಂತು. ಎರಡು ಗೂಟಗಳಲ್ಲಿ ಒಂದಕ್ಕೆ ಎರಡು ನಾಳಗಳಿಂದ ರಕ್ತ ಬರುತ್ತದೆ. ಇನ್ನೊಂದಕ್ಕೆ, ಹಿಂಭಾಗದ್ದಕ್ಕೆ, ಸಾಮಾನ್ಯವಾಗಿ ಒಂದೇ ನಾಳ. ಆ ಒಂದು ಮುಚ್ಚಿದರೆ ಮುಗಿಯಿತು. ಹಾಗಾಗಿ ಹಾರ್ಟಿನ ಕೆಳಭಾಗದ ಅಟ್ಯಾಕ್‌ನಲ್ಲಿ, ಅಟ್ಯಾಕ್ ಸಣ್ಣದಾಗಿದ್ದರೂ ಕೂಡ, ಈ ಅನಾಹುತ ಆಗಬಹುದು.

ಆಮೇಲೆ ಎಡ ಕೋಣೆ ಪ್ರತಿ ಸಲ ಒತ್ತಿದಾಗಲೂ ರಕ್ತ ಮುಂದೆ ಹೋಗುವ ಬದಲು ಹಿಂದಕ್ಕೆ, ಶ್ವಾಸಕೋಶದ ಕಡೆಗೆ ನುಗ್ಗುತ್ತದೆ. ಆ ನೊರೆ ಅದೇ. ವಿಚಿತ್ರ ಅಂದರೆ ಸೋರಿಕೆ ಇಷ್ಟು ಭಾರಿಯಾಗಿದ್ದಾಗ ಸ್ಟೆತಸ್ಕೋಪಿನಲ್ಲಿ ಶಬ್ದ ಜೋರಾಗಿ ಕೇಳಿಸದೇ ಇರಬಹುದು. ಆವತ್ತು ರಾತ್ರಿ ಡ್ಯೂಟಿಯಲ್ಲಿದ್ದವರು ಶಬ್ದ ಇಲ್ಲ ಅಂತ ಸುಮ್ಮನಾಗದೆ ಎಕೋ ಮಾಡಿದ್ದಾರೆ. ಅವರಿಗೆ ನನ್ನ ನಮಸ್ಕಾರ.

ಮೊದಲ ಪತ್ರದಲ್ಲಿ ಕಾಯುವುದು ಒಳ್ಳೆಯದು ಅಂದೆ, ಇಲ್ಲಿ ಅವಸರ ಸರಿ ಅನ್ನುತ್ತಿದ್ದೇನೆ. ಕಾರಣ ಇಷ್ಟೇ: ಹೊಸ ವಾಲ್ವನ್ನು ಹೊಲಿಯುವುದು ವಾಲ್ವಿನ ಸುತ್ತ ಇರುವ ಉಂಗುರಕ್ಕೆ. ಆ ಉಂಗುರ ಸತ್ತ ಮಾಂಸ ಅಲ್ಲ, ಗಟ್ಟಿಯಾಗಿಯೇ ಇರುತ್ತದೆ. ಹೊಲಿಗೆ ಮೊದಲ ದಿನವೂ ನಿಲ್ಲುತ್ತದೆ. ಕಾಯುವುದರಿಂದ ಸಿಗುವುದು ಏನೂ ಇಲ್ಲ, ಗಂಟೆ ಗಂಟೆಗೂ ಕಳೆದುಕೊಳ್ಳುವುದೇ ಜಾಸ್ತಿ. ಈ ಆಪರೇಷನ್ನಿನಲ್ಲಿ ಐವರಲ್ಲಿ ಒಬ್ಬರನ್ನು ಕಳೆದುಕೊಳ್ಳುತ್ತೇವೆ, ಅಷ್ಟು ಕಷ್ಟದ್ದು. ಆದರೆ ಗೆದ್ದು ಮನೆಗೆ ಬಂದವರು ಆಮೇಲೆ ಬೇರೆ ಹೃದಯಾಘಾತದ ರೋಗಿಗಳ ಹಾಗೆಯೇ ವರ್ಷಗಟ್ಟಲೆ ಚೆನ್ನಾಗಿರುತ್ತಾರೆ.

ಯಾವ ವಾಲ್ವ್ ಹಾಕಿದ್ದಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಲೋಹದ್ದಾದರೆ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ಬೇಕು. ನಮ್ಮಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ ಚಿತ್ರಾ ವಾಲ್ವ್ 1990ರಿಂದ ಬಳಕೆಯಲ್ಲಿದೆ, ಅದೂ ಈ ಗುಂಪಿನದೇ. ಪ್ರಾಣಿಯ ಅಂಗಾಂಶದ್ದಾದರೆ ಸಾಮಾನ್ಯವಾಗಿ ಆ ಮಾತ್ರೆ ಕೆಲವು ತಿಂಗಳು ಸಾಕು, ಆದರೆ ವಾಲ್ವ್ ಅಷ್ಟು ವರ್ಷ ಬಾಳುವುದಿಲ್ಲ. ಹಲ್ಲು ಕೀಳಿಸುವ ಮೊದಲು ಡೆಂಟಿಸ್ಟಿಗೆ ವಾಲ್ವ್ ವಿಷಯ ಹೇಳುವುದನ್ನು ಮರೆಯಬೇಡಿ, ಮೊದಲೇ ಒಂದು ಆಂಟಿಬಯೋಟಿಕ್ ಬೇಕಾಗುತ್ತದೆ.

ಪ್ರಶ್ನೆ: ಒಂದು ವರ್ಷದ ಹಿಂದೆ ಅಟ್ಯಾಕ್ ಆಗಿತ್ತು. ಈಗ ಎಕೋ ರಿಪೋರ್ಟಿನಲ್ಲಿ ಎಲ್‌ವಿ ಅನ್ಯೂರಿಸಂ, ಒಳಗೆ ಕ್ಲಾಟ್ ಅಂತ ಬರೆದಿದ್ದಾರೆ. ಅನ್ಯೂರಿಸಂ ಅಂದರೆ ಒಡೆದು ಹೋಗುತ್ತದೆ ಅಂತ ಮೊಬೈಲಲ್ಲಿ ಓದಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿದ್ದೆ ಮಾಡಿ. ನೀವು ಓದಿದ್ದು ತಲೆಯ ಅಥವಾ ಹೊಟ್ಟೆಯ ರಕ್ತನಾಳದ ಅನ್ಯೂರಿಸಂ ಬಗ್ಗೆ ಇರಬೇಕು. ಎಲ್‌ವಿ ಅಂದರೆ ಹಾರ್ಟಿನ ಎಡ ಕೆಳಕೋಣೆ. ನಿಮ್ಮದು ಅಲ್ಲಿ ಅಟ್ಯಾಕ್ ಆದ ಜಾಗ ಕಲೆಗಟ್ಟಿ, ತೆಳುವಾಗಿ, ಹೊರಗೆ ಉಬ್ಬಿಕೊಂಡಿರುವುದು. ಹಳೇ ಸೈಕಲ್ ಟಯರಿನ ಒಂದು ಕಡೆ ಉಬ್ಬು ಬಂದ ಹಾಗೆ ಕಂಡರೂ ಕಲೆ ಗಟ್ಟಿ, ವರ್ಷದ ಮೇಲೆ ಅದು ಒಡೆಯುವುದು ತೀರಾ ಅಪರೂಪ. ಹುಸಿ ಅನ್ಯೂರಿಸಂ ಅಂತ ಇನ್ನೊಂದಿದೆ. ಅದರಲ್ಲಿ ಗೋಡೆ ನಿಜಕ್ಕೂ ಹರಿದಿರುತ್ತದೆ, ಹೊರಗಿನ ಪೊರೆ ಅಂಟಿಕೊಂಡು ರಕ್ತವನ್ನು ಹೇಗೋ ತಡೆದಿರುತ್ತದೆ, ಅದು ಒಡೆಯುತ್ತದೆ, ಅದಕ್ಕೆ ಆಪರೇಷನ್ ಬೇಕು. ಎರಡರ ವ್ಯತ್ಯಾಸ ಎಕೋದಲ್ಲಿ, ಅನುಮಾನ ಇದ್ದರೆ ಸಿಟಿ ಅಥವಾ ಎಂಆರ್‌ಐನಲ್ಲಿ ಗೊತ್ತಾಗುತ್ತದೆ. ನಿಮ್ಮದು ಯಾವುದು ಅಂತ ಡಾಕ್ಟರನ್ನು ನೇರವಾಗಿ ಕೇಳಿ.

ನೀವು ಚಿಂತೆ ಮಾಡಬೇಕಾದ್ದು ಆ ಕ್ಲಾಟ್, ಅಂದರೆ ರಕ್ತದ ಹೆಪ್ಪಿನ ಬಗ್ಗೆ. ಅದರ ತುಂಡು ಮೆದುಳಿಗೆ ಹೋದರೆ ಪಾರ್ಶ್ವವಾಯು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಕಡಿಮೆ ಅಂದರೂ ಮೂರು ತಿಂಗಳು ಕೊಟ್ಟು ಮತ್ತೆ ಎಕೋ ನೋಡುತ್ತಾರೆ. ಆ ಮಾತ್ರೆಗಳಲ್ಲಿ ಒಂದಾದ ವಾರ್ಫರಿನ್ ಕೊಟ್ಟಿದ್ದರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ರಕ್ತಪರೀಕ್ಷೆ) 2ರಿಂದ 3ರ ಮಧ್ಯೆ ಇರಬೇಕು. ಸೊಪ್ಪು ತಿನ್ನುವುದು ಹೆಚ್ಚುಕಮ್ಮಿಯಾದರೆ ಈ ಲೆಕ್ಕ ಏರುಪೇರಾಗುತ್ತದೆ. ಹಾಗಂತ ಸೊಪ್ಪು ಪೂರ್ತಿ ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ವಾರಕ್ಕೆ ಎರಡು ಸಲ ಬಸ್ಸಾರು ಮಾಡುವ ಮನೆಯಾದರೆ ಎರಡೇ ಸಲ ಮಾಡಿ. ಒಂದು ವಾರ ಒಂದೂ ಇಲ್ಲ, ಮುಂದಿನ ವಾರ ದಿನಾ ಸೊಪ್ಪು, ಇದು ಆಗಬಾರದು.

ಪ್ರಶ್ನೆ: ನಮ್ಮ ಯಜಮಾನರಿಗೆ 59. ಎದೆನೋವು ಬಂದಾಗ ಆಸ್ಪತ್ರೆ ಬೇಡ ಅಂದರು. ಮಾರನೇ ದಿನ ನೋವು ಕಡಿಮೆಯಾಯಿತು. ನಾಲ್ಕು ದಿನ ಚೆನ್ನಾಗೇ ಇದ್ದರು. ಐದನೇ ದಿನ ಊಟಕ್ಕೆ ಕೂತವರು ಹಾಗೇ ಒರಗಿದರು. ನಾನು ಬಡಿಸಿದ್ದು ಮುದ್ದೆ, ಹುರುಳಿ ಸಾರು. ಹುರುಳಿ ಉಷ್ಣ, ಅದಕ್ಕೇ ಹೀಗಾಯಿತು ಅಂತ ನೆಂಟರು ಅಂದರು. ಒಂದು ವರ್ಷವಾಯಿತು, ಆ ಮಾತು ಕಿವಿಯಲ್ಲೇ ಇದೆ. ಇರುವ ಒಬ್ಬ ಮಗನಿಗೂ ಹೀಗೇ ಆಗುತ್ತದಾ ಅಂತ ಭಯ.

ಉತ್ತರ: ಅಮ್ಮಾ, ನೀವು ಬಡಿಸಿದ ಊಟದಿಂದ ಏನೂ ಆಗಲಿಲ್ಲ. ಹುರುಳಿಯಿಂದ ಅಲ್ಲ, ಮುದ್ದೆಯಿಂದ ಅಲ್ಲ. ಈ ಮಾತನ್ನು ಡಾಕ್ಟರ್ ಬರೆದಿದ್ದಾರೆ ಅಂತ ಆ ನೆಂಟರಿಗೂ ಓದಿ ಹೇಳಿ.

ಅವರನ್ನು ನಾನು ನೋಡಿಲ್ಲ, ಹಾಗಾಗಿ ಇದೇ ಆಯಿತು ಅಂತ ಖಚಿತವಾಗಿ ಹೇಳಲಾರೆ. ಹಾರ್ಟಿನ ಬಡಿತವೇ ತಪ್ಪಿ ಹೀಗೆ ಆಗುವುದೂ ಉಂಟು. ಆದರೆ ನೀವು ಬರೆದದ್ದನ್ನು ನೋಡಿದರೆ ಹಾರ್ಟಿನ ಹೊರಗೋಡೆ ಹರಿದಿರುವ ಸಾಧ್ಯತೆ ಇದೆ. ಹಾರ್ಟಿನ ಸುತ್ತ ಒಂದು ಚೀಲ ಇದೆ, ಅದು ತಟ್ಟನೆ ಹಿಗ್ಗುವಂಥದ್ದಲ್ಲ. ಗೋಡೆ ಹರಿದು ಆ ಚೀಲಕ್ಕೆ ಒಂದು ಲೋಟದಷ್ಟು ರಕ್ತ ಬಂದರೂ ಸಾಕು, ಹಾರ್ಟ್ ಸುತ್ತಲಿಂದ ಅದುಮಿಕೊಂಡು ಒಳಗೆ ರಕ್ತ ತುಂಬಿಕೊಳ್ಳೋಕೆ ಜಾಗ ಇರುವುದಿಲ್ಲ. ಹಾಗೆ ಒಮ್ಮೆಲೇ ಹರಿದರೆ ಕೆಲವೇ ನಿಮಿಷ. ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ, ನಮ್ಮ ಕಣ್ಣೆದುರೇ ಆದಾಗಲೂ ಬಹಳಷ್ಟು ಸಲ ನಾವು ಉಳಿಸಿಕೊಂಡಿಲ್ಲ. ನಿಧಾನವಾಗಿ ಜಿನುಗುವ ಬಿರುಕಾದರೆ ಮಾತ್ರ ಎಕೋದಲ್ಲಿ ಹಿಡಿದು, ಆಪರೇಷನ್ ಮಾಡೋಕೆ ಸಮಯ ಸಿಗುತ್ತದೆ. ಆ ಹೊತ್ತಿನಲ್ಲಿ ನೀವು ಪಕ್ಕದಲ್ಲೇ ಇದ್ದಿರಿ. ನೀವು ಮಾಡಬಹುದಾಗಿದ್ದ, ಮಾಡದೇ ಬಿಟ್ಟ ಕೆಲಸ ಯಾವುದೂ ಇರಲಿಲ್ಲ.

ಮೊದಲ ದಿನ ಆಸ್ಪತ್ರೆಗೆ ಹೋಗಿದ್ದರೆ ಅನ್ನುವ ಪ್ರಶ್ನೆ ನಿಮ್ಮನ್ನು ಕಾಡುತ್ತಿರಬಹುದು. ಬೇಡ ಅಂದದ್ದು ಅವರು. ಅವರೂ ತಿಳಿದು ಮಾಡಿದ್ದಲ್ಲ. ಈಗ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ, ಅಟ್ಯಾಕ್ ಅಂತ ಖಾತ್ರಿಯಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಮಗ ಹೋಗಿ ವಿಚಾರಿಸಿ ಬರಲಿ, ಅಕ್ಕಪಕ್ಕದವರಿಗೂ ಉಪಯೋಗ.

ಗೋಡೆ ಹರಿಯುವುದು ವಂಶದಲ್ಲಿ ಬರುವುದಲ್ಲ. ಬ್ಲಾಕ್ ಆಗುವ ಗುಣ ಸ್ವಲ್ಪ ಮಟ್ಟಿಗೆ ಬರುತ್ತದೆ. ಮಗನಿಗೆ 34 ಅಂತ, ಬೀಡಿ ಸೇದುತ್ತಾನೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಬಿಪಿ, ಶುಗರ್, ಕೊಲೆಸ್ಟರಾಲ್ ಮೂರನ್ನೂ ಈ ತಿಂಗಳೇ ನೋಡಿಸಿ. ಬೀಡಿ ಬಿಡುವುದು ಅವನೊಬ್ಬನಿಗೇ ಕಷ್ಟವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ವಿಭಾಗ ಎಲ್ಲಿದೆ ಅಂತ ಕೇಳಿ, ಕರೆದುಕೊಂಡು ಹೋಗಿ. ಹೋದಾಗ ನಿಮ್ಮ ಬಿಪಿಯನ್ನೂ ಒಮ್ಮೆ ನೋಡಿಸಿಕೊಳ್ಳಿ. ಹೆಂಗಸರಿಗೆ ಅಟ್ಯಾಕ್ ಎದೆನೋವಾಗಿಯೇ ಬರಬೇಕೆಂದಿಲ್ಲ, ಬೆನ್ನು, ದವಡೆ, ವಾಂತಿ, ವಿಪರೀತ ಸುಸ್ತು, ಹೀಗೂ ಬರುತ್ತದೆ. ಹಾಗೇನಾದರೂ ಆದರೆ ಆವತ್ತೇ ಹೋಗಿ ಇಸಿಜಿ ಮಾಡಿಸಿ. ಮತ್ತೆ, ಮನೆಯಲ್ಲಿ ಹುರುಳಿ ಸಾರು ಮಾಡುವುದನ್ನೇ ಬಿಟ್ಟಿದ್ದೀರಿ ಅಂತ ಬರೆದಿದ್ದಿರಲ್ಲ, ಮಗನಿಗೆ ಇಷ್ಟ ಇದ್ದರೆ ಮಾಡಿ ಬಡಿಸಿ.